ತಿಕೋಟಾ ನಿಲ್ದಾಣದ ಎರಡು ಚೌಕಗಳು

ನಾವು ಬರೆದ ಪ್ರೋಗ್ರಾಮು ಮೊದಲ ದಿನವೇ, ತಿಕೋಟಾ ಬಸ್ ನಿಲ್ದಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಡೆದಾಟವೋ ಹೊಡೆದಾಟ ಎಂದು ವರದಿ ಒಪ್ಪಿಸಿತು. ಗಾಬರಿಯಾಗಿ ವಿಡಿಯೊ ತೆಗೆದು ನೋಡಿದರೆ ಹೊಡೆದಾಟ ಎಲ್ಲಿಯೂ ಇರಲಿಲ್ಲ. ಚಹಾದಂಗಡಿಯ ಮುಂದೆ ಇಬ್ಬರು ಗೆಳೆಯರು ನಾ ಕೊಡ್ತೀನಿ, ನಾ ಕೊಡ್ತೀನಿ ಎಂಬಂತೆ ಒಬ್ಬರ ಕೈ ಒಬ್ಬರು ಹಿಡಿದು ಜಗ್ಗುತ್ತಿದ್ದರು. ಇನ್ನೊಂದು ಕಡೆ ಯಾರೋ ತಮ್ಮ ಬೀಗರನ್ನು ಬಸ್ ಹತ್ತಗೊಡದೆ ಕೈಚೀಲ ಕಸಿದುಕೊಳ್ಳುತ್ತಿದ್ದರು. ಇನ್ನೊಂದು ದಿನ ಇದ್ದು ಹೋಗಿರಿ ಎನ್ನುವ ಆ ಜಗ್ಗಾಟ ನಮ್ಮ ಕಡೆಯವರಿಗೆಲ್ಲ ಗೊತ್ತಿರುವಂಥದ್ದೇ.

ನನ್ನ ಸಹೋದ್ಯೋಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಮೇಡಮ್ಮಾರ, ನಮ್ಮ ಮಂದಿ ಪ್ರೀತೀನೂ ಜಗಳಾಡಿದಂಗ ಮಾಡ್ತಾರ. ಇದನ್ನ ಕಂಪ್ಯೂಟರಿಗೆ ಹೆಂಗ ತಿಳಿಸಿ ಹೇಳೋದ್ರಿ?"

ನಾವಿಬ್ಬರೂ ವಿಜಯಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು. ನನ್ನ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅವರದು ಬಬಲೇಶ್ವರ. ತಲೆಮಾರುಗಳಿಂದ ಅಲ್ಲಿ ಬಟ್ಟೆ ವ್ಯಾಪಾರ, ಒಂದಿಷ್ಟು ಹೊಲ ಮಾಡಿಕೊಂಡಿರುವ ಮುಸ್ಲಿಂ ಮನೆತನ. ತಿಕೋಟಾದಲ್ಲಿ ಬಸ್ ನಿಲ್ದಾಣದ ಎದುರಿಗೇ ಅವರ ಮಾವನ ಮಗನ ಅಂಗಡಿಯಿತ್ತು. ಅದರ ಮೇಲಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ನಿಲ್ದಾಣದ ಅಧಿಕಾರಿಗಳನ್ನು ಕೇಳಿ, ಇಲ್ಲಿ ಅಧ್ಯಯನಕ್ಕಾಗಿ ಚಿತ್ರೀಕರಣ ನಡೆದಿದೆ ಎಂದು ಬೋರ್ಡು ತೂಗುಹಾಕಿ, ಕೋಣೆಯ ಕಿಟಕಿಯಲ್ಲಿ ಕ್ಯಾಮೆರಾ ಕೂಡಿಸಿದ್ದೆವು. ಜನರ ಮುಖ ಮೊದಲೇ ಅಳಿಸಿಹೋಗುವಂತೆ ಮಾಡಿದ್ದೆವು. ಉಳಿಯುತ್ತಿದ್ದುದು ಪರದೆಯ ಮೇಲೆ ಓಡಾಡುವ ಮಸುಕು ಆಕಾರಗಳು, ಪ್ರತಿಯೊಂದರ ಸುತ್ತ ಒಂದು ಹಸಿರು ಚೌಕ.

ನಮ್ಮ ಕೆಲಸವನ್ನು ನನ್ನ ಅವ್ವನಿಗೆ ಹೇಗೆ ತಿಳಿಸಿದ್ದೆನೋ ಹಾಗೆಯೇ ಇಲ್ಲಿಯೂ ಹೇಳುತ್ತೇನೆ. ಕ್ಯಾಮೆರಾದ ಕಣ್ಣಿಗೆ ಕಾಣುವುದು ಸಣ್ಣ ಸಂಗತಿಗಳು ಮಾತ್ರ: ಒಬ್ಬರು ನಡೆಯುತ್ತಿದ್ದಾರೆ, ನಿಂತಿದ್ದಾರೆ, ನಿಂತಲ್ಲೇ ಕೈ ಆಡಿಸುತ್ತಿದ್ದಾರೆ, ಮರೆಯಾದರು. ಇಬ್ಬರು ಭೆಟ್ಟಿಯಾದರು, ಜೊತೆಗೆ ಹೋದರು, ಜಗಳಾಡಿದರು, ಚೀಲ ಬಿಟ್ಟು ಹೋದರು ಎಂಬ ದೊಡ್ಡ ಸಂಗತಿಗಳು ಕಣ್ಣಿಗೆ ಕಾಣುವುದಿಲ್ಲ. ಅವನ್ನು ಸಣ್ಣ ಸಂಗತಿಗಳಿಂದ ತರ್ಕಿಸಿ ತಿಳಿಯಬೇಕು. ಈಗಿನ ಎಷ್ಟೋ ಪ್ರೋಗ್ರಾಮುಗಳು ರಾಶಿಗಟ್ಟಲೆ ವಿಡಿಯೊ ನೋಡಿ ಕಲಿಯುತ್ತವೆ, ಉತ್ತರವನ್ನೂ ಸರಿಯಾಗಿಯೇ ಕೊಡುತ್ತವೆ. ಆದರೆ ಯಾಕೆ ಹಾಗಂದೆ ಎಂದು ಕೇಳಿದರೆ ಹೇಳಲು ಬಾರದು. ನಮ್ಮದು ಹಾಗಲ್ಲ. ನಿಯಮಗಳನ್ನು ನಾವೇ ಬರೆಯುತ್ತಿದ್ದೆವು, ಅದು ತನ್ನ ಪ್ರತಿ ಮಾತಿಗೂ ಕಾರಣ ಕೊಡುತ್ತಿತ್ತು.

ಆ ತರ್ಕದ ಬುಡದಲ್ಲಿ ಒಂದು ಸರಳ ಸೂತ್ರವಿದೆ. ಒಂದು ಸ್ಥಿತಿ ಶುರುವಾದರೆ, ಅದನ್ನು ಮುಗಿಸುವ ಇನ್ನೊಂದು ಘಟನೆ ನಡೆಯುವವರೆಗೆ ಅದು ಇದ್ದೇ ಇರುತ್ತದೆ. ಮೊದಲ ಸಲ ಓದಿದಾಗ, ಇಷ್ಟೇನಾ ಎನ್ನಿಸಿತ್ತು. ಆಮೇಲೆ ಒಂದು ದಿನ ನನ್ನ ತಂಗಿ ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು ಅಡುಗೆಮನೆಯಲ್ಲಿ ನಿಶ್ಚಿಂತೆಯಿಂದ ರೊಟ್ಟಿ ಬಡಿಯುವುದನ್ನು ನೋಡಿದೆ. ಕೂಸು ಅವಳ ಕಣ್ಣೆದುರಿಗಿಲ್ಲ. ಆದರೂ ಅದು ಮಲಗಿದೆ ಎಂದು ಅವಳಿಗೆ ಗೊತ್ತು, ಯಾಕೆಂದರೆ ಎದ್ದ ಸದ್ದು ಬಂದಿಲ್ಲ. ಜಗತ್ತನ್ನೆಲ್ಲ ನಾವು ಹೀಗೆಯೇ ನಂಬಿ ಬದುಕುತ್ತಿದ್ದೇವಲ್ಲ ಎಂದು ತಿಳಿದ ಗಳಿಗೆಯಲ್ಲಿ ನನಗೆ ಮೈ ಜುಮ್ಮೆಂದಿತು. ನಡುವಯಸ್ಸಿನಲ್ಲಿ ಸಂಶೋಧನೆಗೆ ಕೂತದ್ದು ಆ ಒಂದು ಬೆರಗಿನಿಂದ.

ಹೊಡೆದಾಟದ ನಿಯಮವನ್ನು ತಿದ್ದಲು ಬಹಳ ದಿನ ಹಿಡಿಯಲಿಲ್ಲ. ನಿಜವಾದ ಹೊಡೆದಾಟ ನಡೆದರೆ ಸುತ್ತಲಿನವರು ನಿಂತಲ್ಲಿ ನಿಲ್ಲುವುದಿಲ್ಲ. ಕೆಲವರು ಬಿಡಿಸಲು ಓಡಿಬರುತ್ತಾರೆ, ಕೆಲವರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿಯುತ್ತಾರೆ. ಚಹಾದ ಜಗ್ಗಾಟಕ್ಕೆ ಯಾರೂ ತಲೆ ಎತ್ತುವುದಿಲ್ಲ. ಇಷ್ಟು ಬರೆದು ಸೇರಿಸಿದ ಮೇಲೆ ತಿಕೋಟಾ ಶಾಂತವಾಯಿತು.

ಕಷ್ಟವಾದದ್ದು 'ಜೊತೆಗೆ ಹೋಗುವುದು' ಎಂಬುದರ ನಿಯಮ. ನಾವು ಓದಿದ ಪ್ರಬಂಧಗಳಲ್ಲಿ ಇಬ್ಬರು ಹತ್ತಿರ ಹತ್ತಿರ ನಡೆದರೆ ಅವರು ಜೊತೆಗಿದ್ದಾರೆ ಎಂದಿತ್ತು. ನಮ್ಮಲ್ಲಿ ಅದು ನಡೆಯಲಿಲ್ಲ. ಗಂಡ ಚೀಲ ಬೀಸುತ್ತ ಮುಂದೆ ಹೋಗಿರುತ್ತಾನೆ, ಹೆಂಡತಿ ಕೂಸನ್ನೆತ್ತಿಕೊಂಡು ಎಷ್ಟೋ ಹಿಂದೆ ಬರುತ್ತಿರುತ್ತಾಳೆ. ಪ್ರೋಗ್ರಾಮು ಅವರನ್ನು ಸಂಬಂಧವಿಲ್ಲದವರೆನ್ನುತ್ತಿತ್ತು. ಬಸ್ಸಿಗೆ ಮುಗಿಬಿದ್ದ ಅಪರಿಚಿತರನ್ನೆಲ್ಲ ಒಂದೇ ಬಳಗವೆನ್ನುತ್ತಿತ್ತು. ನಾನು ಬಹಳ ದಿನ ಕಿಟಕಿಯ ಹತ್ತಿರ ಕೂತು ಜನರನ್ನು ನೋಡಿದೆ. ಕೊನೆಗೆ ದೂರದ ಲೆಕ್ಕವನ್ನೇ ಕೈಬಿಟ್ಟೆ. ಒಬ್ಬರು ನಿಂತಾಗ ಇನ್ನೊಬ್ಬರೂ ನಿಂತರೆ, ಹೊರಟಾಗ ಹೊರಟರೆ, ಹೊರಳಿದಾಗ ಹೊರಳಿದರೆ, ಅದು ಮತ್ತೆ ಮತ್ತೆ ನಡೆದರೆ, ನಡುವೆ ಎಷ್ಟೇ ಅಂತರವಿದ್ದರೂ ಅವರು ಜೊತೆಗಿದ್ದಾರೆ ಎಂದು ಬರೆದೆ. ಯಾರು ಮುಂದಿದ್ದಾರೋ ಅವರಿಗೆ 'ನಡೆಸುವವರು', ಹಿಂದಿದ್ದವರಿಗೆ 'ಹಿಂಬಾಲಿಸುವವರು' ಎಂದು ಹೆಸರು ಕೊಟ್ಟೆ.

ಹೊಸ ನಿಯಮ ಹಾಕಿದ ವಾರದಲ್ಲೇ ಪ್ರೋಗ್ರಾಮು ಒಂದು ಜೋಡಿಯನ್ನು ಹಿಡಿಯಿತು. ದಿನಾ ಮಧ್ಯಾಹ್ನ ಒಂದು ಚೌಕ ನಿಧಾನವಾಗಿ ನಿಲ್ದಾಣಕ್ಕೆ ಬರುತ್ತಿತ್ತು. ಅದರ ಹಿಂದೆ ಬಹಳ ದೂರದಲ್ಲಿ ಇನ್ನೊಂದು. ಮೊದಲನೆಯದು ಕಟ್ಟೆಯ ಮೇಲೆ ಕೂತರೆ ಎರಡನೆಯದು ಹಣ್ಣಿನ ಗಾಡಿಗಳ ಮರೆಗೆ ನಿಲ್ಲುತ್ತಿತ್ತು. ಮೊದಲನೆಯದು ಎದ್ದು ಹೊರಟರೆ ಎರಡನೆಯದೂ ಹೊರಡುತ್ತಿತ್ತು. ಒಂದು ಸಲವೂ ಅವು ಹತ್ತಿರ ಬರಲಿಲ್ಲ.

ನನ್ನ ಸಹೋದ್ಯೋಗಿಯ ಮುಖ ಗಂಭೀರವಾಯಿತು. "ಇದು ಚಲೋ ಲಕ್ಷಣ ಅಲ್ರಿ. ಯಾರೋ ಯಾರನ್ನೋ ಬೆನ್ನು ಹತ್ಯಾರ."

ಮುಖ ಅಳಿಸಿದ್ದರಿಂದ ಯಾರೆಂದು ತಿಳಿಯುವ ಹಾಗಿರಲಿಲ್ಲ. ಮರುದಿನ ಆ ಹೊತ್ತಿಗೆ ಕೆಳಗಿಳಿದು ಹೋಗಿ ನಿಂತೆವು. ಬಂದವರು ಬಿಳಿ ಧೋತರ, ಹಳದಿ ರುಮಾಲಿನ ಒಬ್ಬ ಹಿರಿಯರು. ಕಟ್ಟೆಯ ಮೇಲೆ ಕೂತು, ಬಂದ ಬಸ್ಸುಗಳಿಂದ ಇಳಿಯುವವರ ಮುಖಗಳನ್ನು ನೋಡತೊಡಗಿದರು. ಹಣ್ಣಿನ ಗಾಡಿಯ ಮರೆಯಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ತಲೆ ಮೇಲೆ ಸೆರಗು, ಕಣ್ಣು ಆ ಹಿರಿಯರ ಮೇಲೆಯೇ.

ನಾನು ಹತ್ತಿರ ಹೋಗಿ, ಮೇಲಿನ ಕೋಣೆಯ ಕ್ಯಾಮೆರಾ ತೋರಿಸಿ, ನಾವು ಯಾರು, ನಮಗೆ ಯಾಕೆ ಅನುಮಾನ ಬಂತು ಎಲ್ಲ ಹೇಳಿದೆ. ಅವಳು ಮೊದಲು ಬೆದರಿದಳು, ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಅಯ್ಯ, ಅವರು ನಮ್ಮ ಮಾವಾರ್ರಿ. ನಾ ಅವರ ಸಣ್ಣ ಸೊಸಿ."

"ಮತ್ತ ಇಷ್ಟು ದೂರ ಯಾಕ ನಿಂತೀಯವ್ವಾ?"

"ಅವರಿಗೆ ಮರವು ಶುರು ಆಗೈತ್ರಿ. ಮಂದಿ ಹೆಸರು ನೆನಪಿರ್ತಾವ, ಮನೀ ದಾರಿ ಮರೀತಾರ. ಮನ್ಯಾಗ ಇರ್ರಿ ಅಂದ್ರ, ನಾ ಏನು ಕೂಸೇನು ಅಂತ ಸಿಟ್ಟಿಗೇಳ್ತಾರ. ಜೋಡಿ ಬರ್ತೀನಿ ಅಂದ್ರ ಇನ್ನೂ ಸಿಟ್ಟು. ಅದಕ್ಕ ಹಿಂದಿನಿಂದ ಬರ್ತೀನ್ರಿ. ಅವರಿಗೆ ಗೊತ್ತಾಗಬಾರದು ನೋಡ್ರಿ, ಮರ್ಯಾದಿ ಮನಷ್ಯಾ."

"ಇಲ್ಲಿಗೇ ಯಾಕ ಬರ್ತಾರ?"

"ನಮ್ಮೂರು ಹೊನವಾಡ್ರಿ. ಅಲ್ಲಿ ದ್ರಾಕ್ಷಿ ತ್ವಾಟ ಐತಿ, ಹಿರೇ ಭಾವಾರು ನೋಡ್ಕೋತಾರ. ನಾವು ಇಲ್ಲಿಗೆ ಬಂದ ಮ್ಯಾಲ ಇವರಿಗೆ ಊರ ಮಂದೀ ಮಾರಿ ನೋಡಬೇಕು ಅನ್ನಸ್ತೈತಿ. ಹೊನವಾಡ ಬಸ್ಸಿನ್ಯಾಗ ಇಳಿಯವರನ್ನ ನೋಡಿ ಮಾತಾಡ್ಸಿ, ಸಮಾಧಾನ ಆಗಿ ಮನಿಗೆ ಬರ್ತಾರ."

ನಾವು ಮೇಲೆ ಬಂದು ಪರದೆಯ ಮುಂದೆ ಕೂತೆವು. ಎರಡು ಚೌಕಗಳು ಮೊದಲಿನಂತೆಯೇ ದೂರ ದೂರ ಇದ್ದವು. ಅವುಗಳ ಕೆಳಗೆ ಪ್ರೋಗ್ರಾಮು 'ಜೊತೆಗಿದ್ದಾರೆ' ಎಂದು ಬರೆದಿತ್ತು. ನಾನು ಬರೆದದ್ದು ನಿಲ್ಲುವ, ಹೊರಡುವ, ಹೊರಳುವ ಒಣ ಮಾತುಗಳನ್ನು. ಒಂದು ಇಡೀ ಮನೆತನದ ಪ್ರೀತಿ ಅದರೊಳಗಿಂದ ಹಾಯ್ದು ಬಂದು ನಮ್ಮೆದುರು ಕೂತಿತ್ತು.

ಅದಾದ ಕೆಲವು ವಾರಗಳಿಗೆ ಬಿಸಿಲು ಜೋರಾಯಿತು. ಗಾಳಿಗೆ ದೂಳೆದ್ದು ಕ್ಯಾಮೆರಾದ ಗಾಜು ಮಂಜಾಗುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ಒರೆಸಿ ಮತ್ತೆ ಕೂಡಿಸುತ್ತಿದ್ದಾಗ, ಮೆಟ್ಟಿಲ ಮೇಲೆ ದಡದಡ ಸಪ್ಪಳವಾಯಿತು. ಆ ಸೊಸೆ ಉಸಿರು ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿಯನ್ನು ಎಲ್ಲಿ ಬಿಟ್ಟಿದ್ದಳೋ.

"ಅಕ್ಕಾರ, ನಮ್ಮ ಮಾವಾರು ಕಾಣವಲ್ಲರು!"

ತವರಿನ ಕಡೆಯ ಯಾರೋ ಬಸ್ಸಿಳಿದು ಅವಳನ್ನು ಮಾತನಾಡಿಸಿದ್ದರು. ಹೌದೋ ಅಲ್ಲವೋ ಎನ್ನುವಷ್ಟು ಹೊತ್ತು ಆ ಕಡೆ ಹೊರಳಿದ್ದಳಂತೆ. ತಿರುಗಿ ನೋಡಿದರೆ ಕಟ್ಟೆ ಖಾಲಿ. ಅವಳ ಹಿಂದೆಯೇ ಅವಳ ಗಂಡ ಬಂದ, ಕೈಯಲ್ಲಿ ಮೋಟರ್‌ಸೈಕಲ್ಲಿನ ಕೀಲಿ. "ಏನೂ ನೋಡೂದು ಬ್ಯಾಡ. ಹೊನವಾಡ ಬಸ್ ಹತ್ಯಾನ. ಬಸ್ಸಿನ ಬಾಜೂ ನಿಂತಿದ್ದ ಅಂತ ಚಾದಂಗಡ್ಯಾಂವ ಹೇಳಿದ. ನಾ ಹೊಂಟೆ."

"ಒಂದು ಗಳಿಗಿ ತಡೀರಿ," ಎಂದೆ.

ಗಾಜು ಒರೆಸಲು ಕ್ಯಾಮೆರಾ ನಿಲ್ಲಿಸುವುದಕ್ಕೆ ಮೊದಲಿನದೆಲ್ಲ ದಾಖಲಾಗಿತ್ತು. ಸಹೋದ್ಯೋಗಿ ಅದನ್ನು ಪ್ರೋಗ್ರಾಮಿಗೆ ಉಣಿಸಿದರು. ಪ್ರೋಗ್ರಾಮು ಮೊದಲು ಹೇಳಿದ್ದು: ಜೊತೆ ಮುಗಿಯಿತು, ಒಬ್ಬರು ಮರೆಯಾದರು. ಅದನ್ನು ಓದಿ ಸೊಸೆಗೆ ಅಳು ಬಂತು. ಮರೆಯಾದವರು ಎಲ್ಲಿದ್ದಾರೆಂದು ಕೇಳಿದೆ. ಉತ್ತರದ ಸಾಲುಗಳು ಒಂದೊಂದಾಗಿ ಬಂದವು. ನಾನು ಗಟ್ಟಿಯಾಗಿ ಓದುತ್ತ ಹೋದೆ.

ಅವರು ಹೊನವಾಡದ ಬಸ್ಸಿನ ಹತ್ತಿರ ನಿಂತಿದ್ದು ನಿಜ. ಆದರೆ ಆ ಬಸ್ಸು ಹೊರಟುಹೋದ ಮೇಲೂ ಅವರು ನಿಲ್ದಾಣದಲ್ಲಿ ಕಾಣುತ್ತಿದ್ದರು. ಅಂದರೆ ಅದನ್ನು ಹತ್ತಿಲ್ಲ. ಆಮೇಲೆ ಅವರ ಚೌಕ ಚಿತ್ರದ ನಡುವೆಯೇ ಮಾಯವಾಗಿತ್ತು. ಚಿತ್ರದ ಯಾವ ಅಂಚನ್ನೂ ದಾಟಿಲ್ಲ, ಅಂದರೆ ನಡೆದುಕೊಂಡು ಹೊರಗೆ ಹೋಗಿಲ್ಲ. ನಡುವೆ ಮಾಯವಾದವರು ಒಂದು ವಸ್ತುವಿನ ಹಿಂದೆ ಇರಬೇಕು, ಇಲ್ಲವೆ ಒಳಗೆ ಇರಬೇಕು. ಆಗ ಅಲ್ಲಿ ನಿಂತಿದ್ದುದು ಇನ್ನೊಂದೇ ಬಸ್ಸು. ಅದು ಹೋದ ಮೇಲೆ ಅದರ ಜಾಗ ಖಾಲಿಯಿತ್ತು, ಅಂದರೆ ಹಿಂದೆ ಯಾರೂ ಇರಲಿಲ್ಲ. ಆದ್ದರಿಂದ ಅವರು ಆ ಬಸ್ಸಿನೊಳಗಿದ್ದಾರೆ.

"ಅದು ಯಾವ ಊರಿಂದು?" ಎಂದ ಮಗ.

ಸಹೋದ್ಯೋಗಿ ಆ ಬಸ್ಸನ್ನು ದಿನಾ ಹತ್ತುವವರು. "ಬಬಲೇಶ್ವರದ್ದು."

"ಬಬಲೇಶ್ವರಕ್ಕ ಯಾಕ ಹೋಗ್ತಾನ ಅಂವ? ಅಲ್ಲಿ ನಮ್ಮವರು ಯಾರೂ ಇಲ್ಲ. ನಿಮ್ಮ ಮಿಷನ್ನು ತಪ್ಪೈತ್ರಿ."

ತಪ್ಪಿರಬಹುದಾಗಿತ್ತು. ದೂಳಿನಲ್ಲಿ ಒಬ್ಬರ ಚೌಕ ಇನ್ನೊಬ್ಬರಿಗೆ ಅಂಟಿಕೊಂಡರೆ ಮುಂದಿನ ತರ್ಕವೆಲ್ಲ ಸುಳ್ಳು. ಆದರೆ ಸಾಲುಗಳನ್ನು ಮತ್ತೊಮ್ಮೆ ಓದಿದೆ, ಎಲ್ಲಿಯೂ ಕೊಂಡಿ ಕಳಚಿರಲಿಲ್ಲ. "ಅವರು ಯಾಕ ಹೋದ್ರು ಅನ್ನೋದು ಇದಕ್ಕ ಗೊತ್ತಿಲ್ಲ," ಎಂದೆ. "ಎಲ್ಲಿ ಅದಾರ ಅನ್ನೋದು ಗೊತ್ತೈತಿ. ನೀವು ಹೊನವಾಡಕ್ಕ ಫೋನ್ ಹಚ್ಚಿ ಅಣ್ಣಗ ಹೇಳ್ರಿ. ನಾವು ಬಬಲೇಶ್ವರದಾಗ ನೋಡಸ್ತೀವಿ."

ಸಹೋದ್ಯೋಗಿಯ ಅಕ್ಕನ ಮನೆ ಬಬಲೇಶ್ವರದ ಬಸ್ ನಿಲ್ದಾಣಕ್ಕೆ ಹತ್ತಿರ. ಅವರು ಫೋನು ಮಾಡಿ, ಬಿಳಿ ಧೋತರ, ಹಳದಿ ರುಮಾಲು ಎಂದು ಗುರುತು ಹೇಳಿದರು. ಅಕ್ಕ ಬಿಸಿಲಿಗೆ ಕೊಡೆ ಹಿಡಿದುಕೊಂಡು ಹೊರಟೇಬಿಟ್ಟರು, ಫೋನನ್ನು ಇಡದೆಯೇ. ನಾವು ಇಲ್ಲಿ ಅವರ ಏದುಸಿರು, ಹಾದಿಯ ಹಾರ್ನುಗಳು, ಯಾರೋ ಸಲಾಂ ಹೇಳಿದ್ದು ಎಲ್ಲವನ್ನೂ ಕೇಳುತ್ತ ನಿಂತೆವು. ಸೊಸೆ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಬಿಡಲೇ ಇಲ್ಲ.

"ತಿಕೋಟಾ ಬಸ್ ಇನ್ನೂ ಬಂದಿಲ್ಲೋ," ಎಂದರು ಅಕ್ಕ. ಕಾಯ್ದೆವು. ಆಮೇಲೆ ಬಸ್ಸಿನ ಗಡಗಡ ಕೇಳಿಸಿತು. ಬಹಳ ಜನ ಇಳಿಯುವ ಗದ್ದಲ. ಗದ್ದಲ ಕರಗಿತು. ಅಕ್ಕನ ದನಿ ಈಗ ಮೆತ್ತಗಾಗಿತ್ತು, ನಮ್ಮೊಂದಿಗೆ ಆಡಿದ್ದಲ್ಲ: "ಬರ್ರಿ ಅಪ್ಪಾರ, ಬಿಸಲಾಗ ಯಾಕ ನಿಂತೀರಿ? ನೀರು ಕುಡೀರಿ, ಬರ್ರಿ."

ಸೊಸೆ ನನ್ನ ಕೈ ಬಿಟ್ಟು ಫೋನಿಗೇ ಕೈ ಮುಗಿದಳು. ಮಗ ಗೋಡೆಗೆ ಹಣೆ ಹಚ್ಚಿ ನಿಂತ.

ಅಕ್ಕ ಆಮೇಲೆ ನಮ್ಮ ಜೊತೆ ಮಾತಾಡಿದರು. "ಇಲ್ಲಿಗ್ಯಾಕ ಬಂದ್ರಿ ಅಂತ ಕೇಳಿದ್ನಿ. ನಮ್ಮಕ್ಕನ್ನ ಈ ಊರಿಗೆ ಕೊಟ್ಟೈತೆವ್ವ, ಆಕಿನ್ನ ನೋಡಾಕ ಬಂದೀನಿ ಅಂದ್ರು."

ಸೊಸೆ ಗಂಡನ ಮುಖ ನೋಡಿದಳು. ಅವಳಿಗೆ ಅಂಥ ಅಕ್ಕನೊಬ್ಬಳಿದ್ದ ಸುದ್ದಿಯೇ ಗೊತ್ತಿರಲಿಲ್ಲ. ಮಗ ಗೋಡೆಯಿಂದ ಹಣೆ ತೆಗೆದು ಹೇಳಿದ: "ಇದ್ಳು. ನಾ ಹುಟ್ಟೋಕಿಂತ ಮೊದಲ ತೀರಿಕೊಂಡಾಳ. ಅಪ್ಪ ಒಮ್ಮಿ ಹೇಳಿದ್ದ, ನಾ ಮರ್ತಿದ್ದೆ."

ಅವರನ್ನು ಕರೆತರಲು ನಾವೆಲ್ಲ ಹೋದೆವು. ಸಹೋದ್ಯೋಗಿಯ ಅಕ್ಕ ಹಿರಿಯರಿಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಫ್ಯಾನು ಹಚ್ಚಿ, ಮಜ್ಜಿಗೆ ಕೊಟ್ಟು ಕೂಡಿಸಿದ್ದರು. ಅವರು ಆ ಮನೆಯ ಹೆಣ್ಣುಮಕ್ಕಳೊಂದಿಗೆ ಈ ಸಲದ ಒಣದ್ರಾಕ್ಷಿಯ ಬಗ್ಗೆ ಮಾತಾಡುತ್ತಿದ್ದರು. ಮಗನನ್ನು ಕಂಡು, "ನೀನೂ ಬಂದೇನು? ಚಲೋ ಆತು," ಎಂದರು. ಹೊರಡುವಾಗ ಅಕ್ಕನ ಕೈ ಹಿಡಿದು, "ಬರ್ತೀನವ್ವ ಅಕ್ಕಾ," ಎಂದರು. ಅವರು ಯಾರನ್ನು ಕಂಡು ಹಾಗೆ ಕರೆದರೋ, ಯಾರೂ ಕೇಳಲಿಲ್ಲ.

ಹದಿನೈದು ದಿನದ ಮೇಲೆ ಆ ಮನೆಯವರು ಒಂದು ಬುಟ್ಟಿ ದ್ರಾಕ್ಷಿ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ಹಿರಿಯರೂ ಬಂದಿದ್ದರು, ಅವತ್ತು ಅವರ ತಲೆ ತಿಳಿಯಾಗಿತ್ತು. ಇನ್ನು ಮುಚ್ಚಿಡುವುದು ಬೇಡವೆಂದು ಸೊಸೆ ತೀರ್ಮಾನಿಸಿದ್ದಳು. ಪರದೆಯ ಮೇಲೆ ಹಳೆಯ ಒಂದು ಮಧ್ಯಾಹ್ನವನ್ನು ಹಾಕಿ ತೋರಿಸಲು ಹೇಳಿದಳು. ಮುಂದಿನ ಚೌಕ ತೋರಿಸಿ, "ಇವರು ನೀವ್ರಿ ಮಾವಾರ," ಎಂದಳು. ಹಿಂದಿನದನ್ನು ತೋರಿಸಿ, ತಲೆ ತಗ್ಗಿಸಿ, "ಇಕಿ ನಾ. ದಿನಾ ನಿಮ್ಮ ಹಿಂದ ಬರ್ತಿದ್ದೆ. ತಪ್ಪು ತಿಳೀಬ್ಯಾಡ್ರಿ."

ಹಿರಿಯರು ಪರದೆಗೆ ಬಾಗಿ ಚೌಕಗಳನ್ನು ನೋಡಿದರು. ಸಿಟ್ಟಾಗುತ್ತಾರೆಂದು ನಾವೆಲ್ಲ ಕಾಯ್ದೆವು. ಅವರು ನಕ್ಕರು.

"ನನಗ ಗೊತ್ತಿಲ್ಲೇನು, ಹುಚ್ಚಿ? ನಿನ್ನ ಚಪ್ಪಲಿ ಸಪ್ಪಳ ಕೇಳ್ಕೋತನ ನಾ ಮುಂದ ಹೋಗ್ತಿದ್ದೆ. ಅದು ಇತ್ತಂದ್ರ ದಾರಿ ತಪ್ಪಿಲ್ಲ ಅಂತ. ಸಪ್ಪಳ ನಿಂತ್ರ ನಾನೂ ನಿಲ್ತಿದ್ದೆ. ನೀ ಹಿಂದ ಉಳಿದ್ರ ನನಗ ಮನಿ ಹೆಂಗ ಸಿಗ್ತೈತಿ?"

"ಮತ್ತ ಅವತ್ತು?" ಎಂದಳು ಅವಳು.

"ಅವತ್ತು ಬಸ್ಸಿನ ಗದ್ದಲದಾಗ ನಿನ್ನ ಸಪ್ಪಳ ಕೇಳಲಿಲ್ಲವ್ವ."

ಅವರು ಹೋದ ಮೇಲೆ ನಾವಿಬ್ಬರೂ ಹಳೆಯ ದಾಖಲೆಗಳನ್ನೆಲ್ಲ ತೆಗೆದು ಕೂತೆವು. ಈ ಸಲ ಮುಂದಿನ ಚೌಕವನ್ನು ಬಿಟ್ಟು ಹಿಂದಿನದನ್ನು ಮೊದಲು ನೋಡಿದೆವು. ಒಂದು ಕಡೆ ಸೊಸೆ ಬಗ್ಗಿದ್ದಳು, ಕಾಲಿಗೆ ಮುಳ್ಳು ನೆಟ್ಟಿತ್ತೋ ಏನೋ. ಎಷ್ಟೋ ಮುಂದೆ ಹೋಗಿದ್ದ ಹಿರಿಯರು ನಿಂತರು. ಹಿಂದಿರುಗಿ ನೋಡಲಿಲ್ಲ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು, ಅಷ್ಟೇ. ಅವಳು ಎದ್ದು ಹೆಜ್ಜೆಯಿಟ್ಟಳು. ಅವರೂ ಹೊರಟರು. ಇನ್ನೊಂದು ದಿನ ಅವಳು ಗೆಳತಿಯೊಂದಿಗೆ ನಿಂತಾಗ ಅವರು ಒಂದು ಗೋಡೆಯ ಮೇಲಿನ ಜಾಹೀರಾತನ್ನು ಬಹಳ ಹೊತ್ತು ಓದಿದರು. ಅಂಥವು ಒಂದೆರಡಲ್ಲ. ನಮ್ಮ ಪ್ರೋಗ್ರಾಮು ಪ್ರತಿಯೊಂದನ್ನೂ ಗುರುತಿಸಿ, ಒಬ್ಬರು ನಿಂತರು ಆದ್ದರಿಂದ ಇನ್ನೊಬ್ಬರು ನಿಂತರು ಎಂದು ಬರೆದಿಟ್ಟಿತ್ತು. ಓದದೆ ಬಿಟ್ಟವರು ನಾವು.

ನಾನು ನಿಯಮಗಳ ಕಡತ ತೆರೆದು 'ನಡೆಸುವವರು', 'ಹಿಂಬಾಲಿಸುವವರು' ಎಂಬ ಎರಡೂ ಶಬ್ದಗಳನ್ನು ಅಳಿಸಿದೆ.

"ಅದರ ಜಾಗಾದಾಗ ಏನು ಬರೀತೀರಿ?" ಎಂದರು ಸಹೋದ್ಯೋಗಿ.

"ಏನೂ ಬ್ಯಾಡ್ರಿ," ಎಂದೆ. "ಇಬ್ಬರು ಅಂತಿರ್ಲಿ."

ಅವರು ತಟ್ಟೆಯಲ್ಲಿದ್ದ ದ್ರಾಕ್ಷಿಯ ಗೊಂಚಲನ್ನು ನನ್ನ ಕಡೆ ಸರಿಸಿದರು. ಕೆಳಗೆ ವಿಜಯಪುರದ ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ, ಜನ ಬಾಗಿಲಿಗೆ ಮುಗಿಬಿದ್ದಿದ್ದರು. ಯಾರ ಜೊತೆ ಯಾರಿದ್ದಾರೋ ಎಂದು ನೋಡುತ್ತ ನಾನು ಆ ಬಸ್ಸನ್ನು ತಪ್ಪಿಸಿಕೊಂಡೆ.